ನೂರ ಹದಿನೆಂಟು ಡಿಗ್ರಿ

“ಮುನ್ನೂರ ನಲವತ್ತು. ಮೊನ್ನೆ, ನಿನ್ನೆ, ಇವತ್ತು, ಎಲ್ಲಾ ಅಷ್ಟೇ,” ಎಂದು ಡಾಕ್ಟರ್ ಪದ್ಮಶ್ರೀ ಹಾಳೆ ತಿರುಗಿಸಿದರು. “ಚೆನ್ನಾಗೇ ಇದೆಯಲ್ಲ ಬೀರಮ್ಮ. ಮತ್ತೆ ಯಾಕೆ ಹೀಗೆ ಏದುಸಿರು?”

ಬೀರಮ್ಮ ಹಾಳೆಯನ್ನು ಪೂರ್ತಿಯಾಗಿ ನೋಡಿದ್ದು ಆಗಲೇ. ಹತ್ತೊಂಬತ್ತು ದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ಉಸಿರಿನ ಬಲ ಅಳೆಯಲು ಆಸ್ಪತ್ರೆಯವರು ಕೊಟ್ಟ ಕೊಳವೆಯನ್ನು ಮೂರು ಸಲ ಊದಿ, ಮುಳ್ಳು ನಿಂತ ಹೆಚ್ಚಿನ ಅಂಕಿಯನ್ನು ಗಂಡನಿಗೆ ಕೂಗಿ ಹೇಳುತ್ತಿದ್ದಳು. ಲಿಂಗರಾಜು ಬರೆದುಕೊಳ್ಳುತ್ತಿದ್ದ. ಮೊದಲ ದಿನ ಮುನ್ನೂರ ನಲವತ್ತು ಬಂದದ್ದು ನಿಜ. ನಿನ್ನೆ ಇನ್ನೂರ ಹತ್ತು, ಇವತ್ತು ನೂರ ಎಂಬತ್ತು. ಇನ್ನೂರಕ್ಕಿಂತ ಕೆಳಗಿಳಿದರೆ ಹೊಗೆಯ ಹತ್ತಿರ ಸುಳಿಯದೆ ನೇರ ಬರಬೇಕು ಎಂದು ಡಾಕ್ಟರೇ ಹಾಳೆಯ ಮೇಲೆ ಕೆಂಪು ಗೆರೆ ಎಳೆದಿದ್ದರು. ಅದಕ್ಕೇ ಅವಳು ಪಿರಿಯಾಪಟ್ಟಣದ ಬಸ್ಸು ಹತ್ತಿದ್ದಳು.

ಡಾಕ್ಟರ್ ತಮ್ಮೆದುರೇ ಊದಿಸಿದರು. ನೂರ ಎಪ್ಪತ್ತು. ಯಾರು ಬರೆದದ್ದೆಂದು ಕೇಳಿದರು.

“ನಮ್ಮನೆಯವ್ರು.”

ಮುಖಕ್ಕೆ ಮಾಸ್ಕ್ ಹಾಕಿ ಅರ್ಧ ಗಂಟೆ ಔಷಧಿಯ ಗಾಳಿ ಕೊಟ್ಟರು. ಒಲೆಯ ಹೊಗೆ ಇನ್ನೊಂದು ವಾರ ಕುಡಿದರೆ ಮೈಸೂರಿಗೆ ಕಳಿಸಬೇಕಾಗುತ್ತದೆ, ಅಲ್ಲಿಯವರೆಗೆ ಉಸಿರು ಉಳಿದಿದ್ದರೆ, ಎಂದರು.

ಮನೆಯ ಹಿಂದೆ, ಸೌದೆ ಒಲೆಯ ಶಾಖದಲ್ಲಿ ತಂಬಾಕಿನ ಸೊಪ್ಪು ಬೇಯಿಸುವ ಕೋಣೆ, ಬ್ಯಾರನ್, ಇತ್ತು. ಒಳಗೆ ತೂಗುಬಿಟ್ಟ ಎಲೆಗೆ ಮೂರನೆಯ ದಿನ, ಬಣ್ಣ ಕಟ್ಟುವ ಹೊತ್ತು. ಶಾಖ ಇಳಿದರೆ ಇಡೀ ಬ್ಯಾರನ್ನಿನ ಸೊಪ್ಪು ಕಪ್ಪಾಗುತ್ತದೆ. ಲಿಂಗರಾಜು ಗೋಡೆಯ ಗಾಜಿನ ಕಿಂಡಿಯಲ್ಲಿ ಥರ್ಮಾಮೀಟರ್ ನೋಡಿ, ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯುತ್ತಿದ್ದ. ನಡುರಾತ್ರಿಯ ಅಂಕಿಗಳ ಮೇಲೂ ಅವನ ಹೆಬ್ಬೆರಳಿನ ಮಸಿ ಇತ್ತು. ಅರ್ಧ ಡಿಗ್ರಿಯನ್ನೂ ಬಿಟ್ಟಿರಲಿಲ್ಲ.

“ಬಂದ್ಯಾ? ಒಸಿ ಉರಿ ನೋಡ್ಕ. ಉಂಡ್ಕಂಡು ಬತ್ತೀನಿ.”

ಅವಳು ಹಾಳೆ ಹಿಡಿದಳು. “ನಾ ಯೋಳಿದ್ದು ಯಾಕ್ ಬರೀನಿಲ್ಲ?”

ಅವನು ಹಾಳೆ ನೋಡಲಿಲ್ಲ, ಕಿಂಡಿ ನೋಡಿದ. “ಇಳಿದಿದ್ದು ಬರುದ್ರೆ ಆ ಡಾಕ್ಟ್ರಮ್ಮ ಹೊಗೆ ತವುಕ್ಕೆ ಓಗ್ಬ್ಯಾಡ ಅಂತಿತ್ತು. ಸೊಪ್ಪು ಯಾರ್ ನೋಡರು, ನಿಮ್ಮಪ್ಪ ಬಂದನಾ? ಇನ್ನೆರಡು ಬ್ಯಾರನ್ ಸೊಪ್ಪು ಅಷ್ಟೇಯ. ಆಮೇಕೆ ನಿಜವಾದ್ದೇ ಬರುದ್ರಾಯ್ತು, ಬುಡು.”

“ನಂಗೆ ಉಸ್ರು ನಿಂತಿದ್ರೆ?”

“ನಿಂತಿಲ್ವಲ್ಲ,” ಎಂದು ಅವನು ಪುಸ್ತಕವನ್ನು ಅವಳ ಕೈಗಿತ್ತು ಹೋದ. ಎರಡು ರಾತ್ರಿ ನಿದ್ದೆ ಕೆಟ್ಟವನು ಉಂಡವನೇ ಜಗುಲಿಯ ಮೇಲೆ ಒರಗಿದ. ಗೊರಕೆ ಹಿತ್ತಲಿಗೂ ಕೇಳಿಸಿತು.

ಬೀರಮ್ಮ ಒಲೆಯ ಬಾಯಿಂದ ದೂರ, ಗಾಳಿ ಬೀಸುವ ಕಡೆ, ಹೊಂಗೆ ಮರದ ಕೆಳಗೆ ಕೂತಳು. ಸೌದೆ ಅವಳ ಪಕ್ಕದಲ್ಲೇ ಒಟ್ಟಿತ್ತು. ಒಂದನ್ನೂ ಮುಟ್ಟಲಿಲ್ಲ. ಮೂರು ಗಂಟೆಗೆ ಎದ್ದು ಕಿಂಡಿಯಲ್ಲಿ ನೋಡಿದಳು: ನೂರ ಹದಿನೈದು. ಬಂದು ಪುಸ್ತಕ ತೆರೆದು, ಅವನು ಕೊನೆಯದಾಗಿ ಬರೆದಿದ್ದ ನೂರ ಹದಿನೆಂಟರ ಕೆಳಗೆ ನೂರ ಹದಿನೆಂಟು ಎಂದು ಬರೆದಳು. ನಾಲ್ಕಕ್ಕೆ ನೂರ ಎಂಟು. ನೂರ ಹದಿನೆಂಟು ಎಂದು ಬರೆದಳು. ಐದಕ್ಕೆ ತೊಂಬತ್ತೊಂಬತ್ತು. ಮತ್ತೆ ನೂರ ಹದಿನೆಂಟನ್ನೇ ದುಂಡಗೆ, ಸಾಲು ಸೊಟ್ಟಗಾಗದಂತೆ ಬರೆದಳು.

ಲಿಂಗರಾಜು ಕಣ್ಣುಜ್ಜುತ್ತಾ ಬಂದು ಪುಸ್ತಕ ತೆಗೆದುಕೊಂಡ. ಬೆರಳಿಟ್ಟು ಸಾಲಾಗಿ ಓದಿದ. “ಸರಿಯಾಗೈತೆ,” ಎಂದು ಅವಳ ಪಕ್ಕದಲ್ಲೇ ಕುಕ್ಕರಿಸಿ ಬೀಡಿ ಹಚ್ಚಿದ.

ಬೀರಮ್ಮ ಎದ್ದು ಹೊಗೆ ತಾಗದ ಕಡೆಗೆ ಹೋಗಿ ನಿಂತಳು. ಒಲೆಯ ಬಾಯಲ್ಲಿ ಬೂದಿ ಬೆಳ್ಳಗೆ ಕೂತಿತ್ತು.