ಮಡಚಬಾರದ ಒಂದು ಸಾಲು

ನಾನು ಕಂಪ್ಯೂಟರಿನೊಳಗಿನ, ಕೆಲವೇ ಸಾಲುಗಳ ಒಂದು ಪುಟ್ಟ ಕಡತ. ಇಷ್ಟು ಸಣ್ಣವನು ಆತ್ಮಕಥೆ ಹೇಳುವುದು ಸರಿಯೋ ಇಲ್ಲವೋ, ನನಗೆ ಅನುಮಾನವಿದೆ. ಆದರೂ ಹೇಳುತ್ತೇನೆ.

ಗದಗಿನ ಒಂದು ಪಂಪ್‌ಸೆಟ್ ಕಾರ್ಖಾನೆಯ ಕಚೇರಿಯಲ್ಲಿ ನಾನು ಹುಟ್ಟಿದೆ. ನನ್ನನ್ನು ಬರೆದವರು ಅನ್ನಪೂರ್ಣಾ ಹೂಗಾರ. ಸಂಜೆಯ ತರಗತಿಯಲ್ಲಿ ಕಂಪ್ಯೂಟರ್ ಕಲಿತವರು. ಪ್ರತಿ ಸಾಲನ್ನೂ ಎರಡೆರಡು ಸಲ ಓದಿಯೇ ನನ್ನನ್ನು ಉಳಿಸಿದರು. ಪಂಪಿನ ಕೈಪಿಡಿ ಬಹಳ ಉದ್ದವಿತ್ತು. ಅದರ ಒಂದೊಂದು ಭಾಗವನ್ನೂ ಎಡಿಟರ್‌ನಲ್ಲಿ, ಅಂದರೆ ಅವರು ಬರೆಯುವ ತಂತ್ರಾಂಶದಲ್ಲಿ, ಮಡಚಿ, ತಲೆಬರಹ ಮಾತ್ರ ಕಾಣುವಂತೆ ಮಾಡುವುದು ನನ್ನ ಕೆಲಸ. ಹ್ಯಾಶ್ (#) ಗುರುತಿನಿಂದ ಶುರುವಾಗುವ ಸಾಲೇ ತಲೆಬರಹ. ಅಂಥ ಮುಂದಿನ ಸಾಲು ಬರುವವರೆಗಿನದೆಲ್ಲ ಅದರ ಮಡಿಕೆಯೊಳಗೆ. ನನಗೆ ಕಲಿಸಿದ್ದು ಅಷ್ಟೇ.

"ಸೀರಿ ಮಡಚಿ ಟ್ರಂಕಿನ್ಯಾಗ ಇಟ್ಟಂಗ ಆತು ನೋಡ್ರಿ" ಎಂದು ಅವರು ಹಿಗ್ಗಿದರು. ನಾನೂ ಹಿಗ್ಗಿದೆ.

ಕೈಪಿಡಿಯ 'ಎಚ್ಚರಿಕೆ' ಭಾಗವನ್ನು ನಿವೃತ್ತ ಮೆಕ್ಯಾನಿಕ್ ಇಮಾಮಸಾಬ ನದಾಫ ಬರೆದುಕೊಟ್ಟಿದ್ದರು. ಅವರು ಟೈಪ್‌ರೈಟರ್ ಬಡಿದ ಕಾಲದವರು. ತಲೆಬರಹ ಬರೆದು, ಅದರ ಕೆಳಗೆ ಸಾಲಾಗಿ ಅಡ್ಡಗೆರೆ ಒತ್ತುವುದು ಅವರ ರೂಢಿ. ಅನ್ನಪೂರ್ಣಾ ಅದನ್ನು ಅಡ್ಡಗೆರೆಯ ಸಮೇತ ಹಾಗೆಯೇ ಟೈಪ್ ಮಾಡಿ, 'ಹಳೆಯ ಮೋಟರು' ಭಾಗದ ಕೆಳಗೆ ಸೇರಿಸಿದರು. ಹ್ಯಾಶ್ ಕಾಣದ ನಾನು ಎಚ್ಚರಿಕೆಯನ್ನೂ ಹಳೆಯ ಮೋಟರಿನ ಮಡಿಕೆಯೊಳಗೇ ಸೇರಿಸಿಕೊಂಡೆ.

ಹೊಸ ಆವೃತ್ತಿಗೆ ಹಳೆಯ ಮೋಟರು ಬೇಡವಾಯಿತು. ಒಂದು ದಿನ ಬೆಳಿಗ್ಗೆ ಅನ್ನಪೂರ್ಣಾ ಮಡಚಿದ್ದ ಆ ಒಂದು ಸಾಲನ್ನು ಅಳಿಸಿದರು. ಮಡಚಿದ ಸಾಲನ್ನು ಅಳಿಸಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ.

ಮಧ್ಯಾಹ್ನ ನದಾಫ ಚಾಚಾ ಕರಡು ನೋಡಲು ಬಂದರು. ಕನ್ನಡಕ ಏರಿಸಿ, ಕೊನೆಯ ಹಾಳೆಯವರೆಗೂ ತಿರುವಿದರು.

"ಎಲ್ಲಾ ಚಂದ ಐತಿ ಬೇಟಿ. ನನ್ನ ಎಚ್ಚರಿಕಿ ಎಲ್ಲಿ ಹೋತು? ಕಂಪ್ಯೂಟರ್ ನುಂಗೇತೇನ?"

"ಇಲ್ಲೇ ಇತ್ತಲ್ರೀ ಚಾಚಾ..." ಅನ್ನಪೂರ್ಣಾ ಪರದೆಯ ಮೇಲೆ ಕೈಪಿಡಿಯನ್ನು ಮೇಲಿಂದ ಕೆಳಗೆ ಹುಡುಕತೊಡಗಿದರು.

ಮಾಲೀಕರಾದ ಶಿವಪ್ಪಣ್ಣನವರಿಗೆ ಅವಸರ. "ಸಂಜೀಕ ಪ್ರೆಸ್ಸಿಗೆ ಹೋಗಬೇಕು. ಒಂದು ಹಾಳಿ ಇಲ್ಲಂದ್ರ ಮೋಟರ್ ತಿರಗೂದಿಲ್ಲೇನ ಚಾಚಾ?"

"ಮೋಟರ್ ತಿರಗತೈತ್ರಿ ಅಣ್ಣಾರ. ಹಸಿ ಕೈಲೆ ಮುಟ್ಟಿದ ನನ್ನ ತಮ್ಮ ಮ್ಯಾಲ ಏಳಲಿಲ್ಲ."

ಶಿವಪ್ಪಣ್ಣ ತಾವೇ ಪ್ರೆಸ್ಸಿಗೆ ಫೋನ್ ಮಾಡಿ, ತಡವಾಗುತ್ತದೆ ಎಂದರು.

ಪುಣ್ಯಕ್ಕೆ ಬೆಳಗಿನಿಂದ ಕೈಪಿಡಿಯ ಕಡತವನ್ನು ಮುಚ್ಚಿರಲಿಲ್ಲ. ಅನ್ನಪೂರ್ಣಾ ತಾವು ಮಾಡಿದ ಬದಲಾವಣೆಗಳನ್ನು ರದ್ದುಮಾಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದರು. ಎಚ್ಚರಿಕೆ ಮರಳಿ ಬಂತು. ಚಾಚಾ ಪರದೆಯ ಮೇಲಿನ ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಆಮೇಲೆ ಅನ್ನಪೂರ್ಣಾ ನನ್ನನ್ನು ತೆರೆದು ಕೂತರು. ಕೆಳಗೆ ಅಡ್ಡಗೆರೆಯಿದ್ದ ಸಾಲೂ ತಲೆಬರಹವೇ ಎಂದು ಕಲಿಸಿದರು. ಮಡಿಕೆಯೊಳಗೆ ಎಷ್ಟು ಸಾಲುಗಳಿವೆ ಎಂದು ತೋರಿಸಲು ಕಲಿಸಿದರು. ಕೊನೆಗೆ ಇನ್ನೊಂದು ಸಾಲು ಸೇರಿಸಿದರು: ಎಚ್ಚರಿಕೆ ಎಂದಿರುವ ಭಾಗವನ್ನು ಎಂದೂ ಮಡಚಬೇಡ.

ಮುಂದೆ ನಾನು ಪೆನ್‌ಡ್ರೈವ್‌ನಲ್ಲಿ ಕೂತು ಹಲವು ಯಂತ್ರಗಳನ್ನು ಸುತ್ತಿದೆ. ಯಾರೋ ನನ್ನ ಬಣ್ಣ ಬದಲಿಸಿದರು, ಯಾರೋ ನನ್ನನ್ನು ಕರೆಯಲು ಒತ್ತುವ ಕೀಲಿ ಬದಲಿಸಿದರು. ಚಾಚಾ ತೀರಿಕೊಂಡರು. ಕಚೇರಿಗೆ ಹೊಸ ಎಡಿಟರ್ ಬಂತು. ಅದು ತಾನೇ ಮಡಚಬಲ್ಲದು. ನಾನು ಹಳೆಯ ಡಿಸ್ಕಿನ ಮೂಲೆ ಸೇರಿದೆ.

ಈಚೆಗೆ ಹೊಸದಾಗಿ ಸೇರಿದ ಫರ್ಹಾನಾ ನನ್ನನ್ನು ತೆರೆದಳು. "ಅಕ್ಕಾರ, ಎಲ್ಲಾ ಮಡಚಿ ಈ ಎಚ್ಚರಿಕಿ ಒಂದು ಯಾಕ ಬಿಟ್ಟೀರಿ?"

ತಲೆ ನರೆತ ಅನ್ನಪೂರ್ಣಾ ಚಾಚಾನ ತಮ್ಮನ ಕಥೆ ಹೇಳಿದರು. ಫರ್ಹಾನಾ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು. ಆ ಸಾಲಿನ ಕೆಲಸವನ್ನು ಹೊಸ ಎಡಿಟರಿಗೂ ಕಲಿಸಿ, ನನ್ನನ್ನು ಮುಚ್ಚಿದಳು.

ಇಲ್ಲಿ ಕತ್ತಲಿದೆ. ನಾನು ಒಳ್ಳೆಯ ಕೆಲಸಗಾರನಾಗಿದ್ದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ. ಬದುಕಿಡೀ ಮುಚ್ಚಿಟ್ಟವನು ನಾನು. ಮುಚ್ಚದೆ ಬಿಟ್ಟದ್ದು ಒಂದೇ. ಅದು ಇನ್ನೂ ತೆರೆದಿದೆ.