ಜೋಳ ಕಾದ ಕೂಗು

ಮದುವೆಯಾಗಿ ತಿಗನಾರೆಗೆ ಬಂದಂದಿನಿಂದ ಶಕುಂತಲಮ್ಮನ ತುಟಿ ಗಂಡನ ಹೆಸರನ್ನು ಆಡಿರಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ಮುಂದೆ ಹಿಡಿಯುತ್ತಿದ್ದಳು. ಆಸ್ಪತ್ರೆಯಲ್ಲಿ ಕೇಳಿದರೆ ಮಗಳ ಪಕ್ಕೆ ತಿವಿಯುತ್ತಿದ್ದಳು. ಅವಳ ಓರಗೆಯ ಹೆಂಗಸರೆಲ್ಲ ಹಾಗೇ. ಗಂಡಸರೇನು ಹೆಂಡತಿಯರನ್ನು ಹೆಸರು ಹಿಡಿದು ಕರೆಯುತ್ತಾರೆ ಅಂದುಕೊಂಡಿರಾ? ಅವರ ಬಾಯಿಗೂ ಅದೇ ಬೀಗ. ಹೆಂಡತಿ ಎಂದರೆ 'ಅಮ್ಮಿ', ಇಲ್ಲವೇ ಮಗಳ ಹೆಸರು ಹಿಡಿದು 'ರಂಜನಿ ಅವ್ವ'. ಒಬ್ಬರ ಹೆಸರನ್ನೊಬ್ಬರು ಕೂಗದೆಯೇ ಮಕ್ಕಳು ಹುಟ್ಟುತ್ತವೆ, ಬೆಳೆಯುತ್ತವೆ, ಸಂಸಾರ ಸಾಗಿಹೋಗುತ್ತದೆ.

ಆದರೆ ಅವಳ ಗಂಡ ಒಂದು ಸಲ ಕೂಗಿದ್ದ. ಅದೂ ಕಾಡುಹಂದಿಗಳಿಗೆ ಕೇಳಿಸಲೆಂದು.

ಜೋಳ ಹಾಲುಗಟ್ಟಿತೆಂದರೆ ತಾಳಮಲೆ ಕಾಡಿನ ಹಂದಿಗಳು ಕರೆಯದ ನೆಂಟರಂತೆ ಬಂದುಬಿಡುತ್ತವೆ. ಕಾವಲಿಗೆ ಒಂಟಿಯಾಗಿ ಕೂತವನು ಊರವರ ಹೆಸರೆಲ್ಲ ಹಿಡಿದು ಕೂಗಬೇಕು. ಹೊಲದ ತುಂಬ ಆಳುಗಳಿದ್ದಾರೆ ಎಂದು ಹಂದಿ ನಂಬಬೇಕು. ಆ ವರ್ಷ ಅವಳ ಗಂಡನಿಗೆ ಎದೆ ಹಿಡಿದುಕೊಳ್ಳುತ್ತಿತ್ತು, ಮಂಜಿನಲ್ಲಿ ಕೂರಲಾಗುತ್ತಿರಲಿಲ್ಲ. ಮಗಳು ಶಿವರಂಜನಿಗೆ ಸ್ಕೂಲಿನಲ್ಲಿ ಕೊಟ್ಟಿದ್ದ ಲ್ಯಾಪ್‌ಟಾಪಿನ ಮುಂದೆ ಕೂತು ತನ್ನ ಕೂಗನ್ನು ರೆಕಾರ್ಡು ಮಾಡಿಸಿದ, ಅದನ್ನು ಹೊಲದಂಚಿನ ಸ್ಪೀಕರಿಗೆ ಕೊಟ್ಟ. "ಲೋ ಮಣಿ, ಬಾರ್ಲಾ ಈ ಕಡ್ಕೆ. ಚಿಕ್ಕಬಸಪ್ಪಾ, ತಮಟೆ ಬಡೀಲಾ." ಹೀಗೆ ಊರ ಗಂಡಸರ ಹೆಸರೆಲ್ಲ ಮುಗಿದವು. ಕೂಗಲು ಇನ್ಯಾರೂ ಉಳಿಯದೆ, ಒಂದು ಗಳಿಗೆ ತಡೆದು, "ಶಕುಂತಲಾ... ಶಕುಂತಲಾ, ದೀಪ ಇಡ್ಕಂಡು ಬಾ" ಅಂದುಬಿಟ್ಟ.

ಸ್ಪೀಕರಿನಲ್ಲಿ ಅದು ಮೊದಲ ಸಲ ಬಂದಾಗ ಅಡಿಗೆಮನೆಯಲ್ಲಿದ್ದ ಅವಳ ಕೈಯಿಂದ ಮುದ್ದೆಕೋಲು ಜಾರಿತು.

"ನಾಚ್ಕೆ ಆಗಲ್ವಾ ನಿಮ್ಗೆ? ನನ್ನೆಸ್ರ ಕಾಡಂದಿಗೆಲ್ಲಾ ಕೂಗಿ ಯೇಳ್ತೀರಲ್ಲ."

"ಅಂದಿ ಯಾರ್ಗೂ ಯೇಳಾಕಿಲ್ಲ ಬುಡಮ್ಮಿ."

ಬಾಯಲ್ಲಿ ಬೈದಳೇ ಹೊರತು ಅಳಿಸಿರಿ ಎಂದು ಹೇಳಲಿಲ್ಲ. ಆ ಸುಗ್ಗಿ ಮುಗಿಯುವವರೆಗೆ ಹೊತ್ತು ಮುಳುಗುತ್ತಲೇ ಅವಳ ಹೆಸರು ಜೋಳದ ಮೇಲೆ ಹಾದು ಮನೆಯವರೆಗೂ ಬರುತ್ತಿತ್ತು. ಅಷ್ಟು ಹೊತ್ತಿಗೆ ಅವಳೂ ಏನಾದರೂ ನೆವ ಮಾಡಿಕೊಂಡು ಹಿತ್ತಿಲಿಗೆ ಬರುತ್ತಿದ್ದಳು.

ಹೋದ ವರ್ಷ ಅವನು ಎದೆನೋವಿನಲ್ಲಿ ತೀರಿಕೊಂಡ. ಫೋಟೋ ಗೋಡೆಯ ಮೇಲಿದೆ, ಹೂ ಮುಡಿಸಬಹುದು, ಮಾತಾಡಿಸಬಹುದು. ಆದರೆ ಅವನಿಂದ ಕರೆಸಿಕೊಳ್ಳಬೇಕೆಂದರೆ ಲ್ಯಾಪ್‌ಟಾಪೇ ಬೇಕು. ಎಲ್ಲಿ ಒತ್ತಬೇಕೆಂದು ಮಗಳು ತೋರಿಸಿಕೊಟ್ಟು ಗಂಡನ ಮನೆಗೆ ಹೋಗಿದ್ದಳು. ಶಕುಂತಲಮ್ಮ ಬಾಗಿಲು ಮುಂದೆ ಮಾಡಿಕೊಂಡು ಕೇಳುತ್ತಿದ್ದಳು. ಕೇಳಿ ಅಳುತ್ತಿದ್ದಳು, ಅತ್ತು ಒಲೆ ಹೊತ್ತಿಸುತ್ತಿದ್ದಳು. ಹೀಗಿರುವಾಗ ಒಂದು ದಿನ ಲ್ಯಾಪ್‌ಟಾಪು ಹೊತ್ತಿಕೊಂಡದ್ದೇನೋ ಸರಿ, ನೀಲಿ ಪರದೆಯ ಮೇಲೆ ಚುಕ್ಕಿ ಸುತ್ತುತ್ತಾ ನಿಂತುಬಿಟ್ಟಿತು.

ತಾಳವಾಡಿಯ ಕಂಪ್ಯೂಟರ್ ಅಂಗಡಿಯ ಮುರುಗೇಶ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ವಿಂಡೋಸ್ ಕೆಟ್ಟೋಗದೆ ಅಮ್ಮ. ವಾಪಸ್ ಆಕ್ಬೇಕು."

"ಒಳ್ಗಿರದು?"

"ಅದ್ನ ಅಂಗೇ ಬುಟ್ಟು ವಿಂಡೋಸ್ ಒಂದ್ನೇ ಆಕಕ್ಕೂ ದಾರಿ ಅದೆ. ಮನೆಗೆ ಒಸ ಎಂಚು ಒದಿಸ್ದಂಗೆ, ಪಾತ್ರೆ ಪಡಗ ಇದ್ದಲ್ಲೇ ಇರ್ತವೆ. ನೋಡ್ತೀನಿ, ಬುಟ್ಟೋಗಿ."

ಹೆಂಚಿನ ಮಾತು ಅವಳಿಗೆ ಧೈರ್ಯ ಕೊಟ್ಟಿತು. ಅದಕ್ಕೇ ಮರುದಿನ ಈರುಳ್ಳಿ ಹೊಲದಲ್ಲಿ ಪುಟ್ಟಮಾದಿ ಮತ್ತು ಇತರ ಹೆಂಗಸರ ಜೊತೆ ಕಳೆ ಕೀಳುತ್ತಿದ್ದಾಗ ಫೋನು ಬಂದರೆ ನಗುತ್ತಲೇ ಎತ್ತಿಕೊಂಡಳು.

"ಅಮ್ಮಾ, ಆ ದಾರಿ ಆಗ್ಲಿಲ್ಲ," ಅಂದ ಮುರುಗೇಶ. "ಡಿಸ್ಕೇ ಕೆಟ್ಟದೆ, ಅರ್ಧಕ್ಕೇ ನಿಂತೋಯ್ತದೆ. ಬೇಕಾದ್ದ ಈಚ್ಗೆ ತಗ್ದು, ಒಸ ಡಿಸ್ಕಲ್ಲಿ ಎಲ್ಲಾನೂ ಮೊದ್ಲಿಂದ ಮಾಡ್ಬೇಕು. ಈಗೇನೋ ಓದ್ತಾ ಅದೆ. ಆಫ್ ಆದ್ರೆ ಮತ್ತೆ ಓದ್ತದೆ ಅಂತ ನಾ ಯೇಳಾಕಾಗಲ್ಲ. ಏನ್ ಬೇಕು, ಬೇಗ ಯೇಳಿ."

"ಒಂದು ಕೂಗು ಅದೆ ಕಣಪ್ಪ. ಅದೊಂದಿದ್ರೆ ಸಾಕು."

"ಯಾವ ಎಸ್ರಲ್ಲದೆ? ಇದ್ರೊಳ್ಗೆ ಸಾವ್ರಾರು ಅವೆ. ಎಸ್ರು ಒಡ್ದು ಉಡುಕ್ಬೇಕು."

"ರಂಜನಿ ಅಪ್ಪನ ಎಸ್ರಲ್ಲೇ ಅದೆ."

"ಅವ್ರ ಎಸ್ರೇನಮ್ಮ?"

ಶಕುಂತಲಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಮಗಳಿಗೆ ಫೋನು ಮಾಡಪ್ಪ ಎಂದಳು. ಆಗಲೇ ಮಾಡಿದೆ, ತೆಗೆಯುತ್ತಿಲ್ಲ ಎಂದ. ಪಕ್ಕದಲ್ಲಿದ್ದ ಪುಟ್ಟಮಾದಿಗೆ ಸಂಗತಿ ಅರ್ಥವಾಯಿತು. ಸೆರಗಿಗೆ ಕೈ ಒರೆಸಿ ಚಾಚಿದಳು.

"ತನ್ನಿ ಅವ್ವಾ ಇತ್ಲಾಗೆ. ನಾ ಯೇಳ್ತೀನಿ."

ಕೊಟ್ಟುಬಿಟ್ಟಿದ್ದರೆ ಮುಗಿಯುತ್ತಿತ್ತು. ಇಷ್ಟು ವರ್ಷ ಯಾರೋ ಒಬ್ಬರು ಹೇಳಿಯೇ ಕೆಲಸ ನಡೆದಿತ್ತು. ಫೋನು ಅರ್ಧದವರೆಗೂ ಹೋಯಿತು. ಆದರೆ ಗಂಡ ಅವಳ ಹೆಸರನ್ನು ಇನ್ನೊಬ್ಬರ ಬಾಯಿಂದ ಕೂಗಿಸಿರಲಿಲ್ಲ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು, ಹೆಂಗಸರಿಗೆ ಬೆನ್ನು ಮಾಡಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಹೇಳಿದಳು.

"ಕೇಳಿಸ್ಲಿಲ್ಲಮ್ಮ. ಟವರಿಲ್ಲ ಅಲ್ಲಿ. ಜೋರಾಗಿ ಯೇಳಿ."

ಇನ್ನೊಮ್ಮೆ ಹೇಳಿದಳು. ಮತ್ತೆ ಕೇಳಿಸಲಿಲ್ಲ. ತಾಳಿಯ ಮೂರು ಗಂಟಿನ ಗುಟ್ಟನ್ನು ಬಿಚ್ಚಿದರೂ ಕೇಳುವವನ ಕಿವಿ ಕಿವುಡು. ಅವಳು ಈರುಳ್ಳಿ ಮಡಿಗಳನ್ನು ದಾಟಿ ಎತ್ತರದ ಬದುವಿನ ಮೇಲೆ ಹತ್ತಿದಳು. ಅಲ್ಲಿ ಸಿಗ್ನಲ್ಲು ಸಿಗುತ್ತದೆ. ಅಲ್ಲಿಂದ ಅವರ ಜೋಳದ ಹೊಲವೂ ಕಾಣುತ್ತದೆ, ಅದರ ಹಿಂದೆ ಕಾಡೂ ಕಾಣುತ್ತದೆ. ಸೆರಗು ಬಾಯಿಂದ ಜಾರಿತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಪ್ರಭುಸ್ವಾಮೀ," ಎಂದು ಕೂಗಿದಳು.

ಕಳೆ ಕೀಳುತ್ತಿದ್ದ ಕೈಗಳೆಲ್ಲ ನಿಂತವು. ದನಿ ಜೋಳದ ಮೇಲೆ ಹಾದು ಕಾಡಿನ ಅಂಚಿಗೆ ಹೋಯಿತು.

"ಸಿಕ್ತಮ್ಮ," ಅಂದ ಮುರುಗೇಶ. "ಪ್ರಭುಸ್ವಾಮಿ ಅಂತಾನೇ ಅದೆ. ಈಚ್ಗೆ ಬತ್ತಾ ಅದೆ. ಬಂತು. ಇನ್ನೇನೂ ಭಯ ಇಲ್ಲ, ಫೋನ್ ಮಡಗಿ."

ಅವಳು ಫೋನು ಇಡಲಿಲ್ಲ. ಹೊಲದ ಕಡೆಗೆ ಕಿವಿ ಕೊಟ್ಟು ನಿಂತಿದ್ದಳು. ಕರೆದವರಿಗೆ ಎಲ್ಲಿದ್ದರೂ ಒಂದು 'ಓ' ಅನ್ನಬೇಕಲ್ಲವೇ? ಜೋಳದ ಗರಿಗಳು ಗಾಳಿಗೆ ಅಲ್ಲಾಡಿ ಸುಮ್ಮನಾದವು.

"ಅಮ್ಮಾ, ಸಿಕ್ತು ಅಂದ್ನಲ್ಲ," ಎಂದ ಮುರುಗೇಶ.

ಶಕುಂತಲಮ್ಮ ಇನ್ನೊಂದು ಸಲ ಕೂಗಿದಳು.