ಹೊಲಿಗೆ ಬೀಳದ ಪುಟ

ನಾನು ಒಂದು ಪತ್ತೇದಾರಿ ಕಾದಂಬರಿ. ಅದರಲ್ಲೂ ನಗಿಸುವ ಪತ್ತೇದಾರಿ. ನನ್ನೊಳಗೆ ಕೊಲೆ ಇಲ್ಲ, ಪಿಸ್ತೂಲು ಇಲ್ಲ, ಪಾಳು ಬಂಗಲೆಯಂತೂ ಇಲ್ಲವೇ ಇಲ್ಲ. ಮದುವೆ ಮನೆಯೊಂದರಲ್ಲಿ ಒಬ್ಬಟ್ಟಿನ ಬುಟ್ಟಿ ಕಾಣೆಯಾಗುತ್ತದೆ. ನಿವೃತ್ತರಾದ ಡ್ರಿಲ್ ಮೇಷ್ಟರೊಬ್ಬರು ಸೀಟಿ ಊದುತ್ತಾ ಅದನ್ನು ಹುಡುಕುತ್ತಾರೆ. ನನ್ನ ಹೆಸರು 'ಬುಟ್ಟಿ ಕಳ್ಳ'. ಇದನ್ನು ಕೇಳಿ ಮೂಗು ಮುರಿಯುವವರು ಧಾರಾಳವಾಗಿ ಮುರಿಯಲಿ. ದಪ್ಪ ದಪ್ಪ ಗ್ರಂಥಗಳ ಪಕ್ಕದಲ್ಲಿ ಕೂತು ನನಗೆ ಅದು ಅಭ್ಯಾಸವಾಗಿದೆ.

ನಾನು ಹುಟ್ಟಿದ್ದು ಭದ್ರಾವತಿಯ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ. ಅಲ್ಲಿ ತೀರ್ಥಪ್ಪ ಎಂಬ ಗುಮಾಸ್ತರಿದ್ದರು. ಸೈರನ್ ಕೂಗಿ ಪಾಳಿಯವರೆಲ್ಲ ಒಳಗೆ ಹೋದ ಮೇಲೆ ಅವರಿಗೆ ಸ್ವಲ್ಪ ಬಿಡುವು ಸಿಗುತ್ತಿತ್ತು. ಆಗ ಮೇಜಿನ ಖಾನೆಯಿಂದ ಹಾಳೆ ತೆಗೆದು, ಯಾರಾದರೂ ಬಂದರೆ ಮುಚ್ಚಿಡಲು ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ನನ್ನನ್ನು ಬರೆಯುತ್ತಿದ್ದರು. ಬರೆಯುತ್ತಾ ತಾವೇ ನಗುತ್ತಿದ್ದರು. ನಗು ಹೊರಗೆ ಕೇಳಿಸಬಾರದೆಂದು ಕೆಮ್ಮುತ್ತಿದ್ದರು. ಆಫೀಸಿನವರು ಪಾಪ, ಇವರಿಗೆ ಕಾರ್ಖಾನೆಯ ಹೊಗೆ ಆಗಿಬರುವುದಿಲ್ಲ ಎಂದುಕೊಂಡಿದ್ದರು.

ತಮ್ಮ ಹೆಸರಿನಲ್ಲಿ ಅವರು ಬರೆಯುತ್ತಿರಲಿಲ್ಲ. ಹೆಂಗಸರ ಹೆಸರಿದ್ದರೆ ಓದುಗರು ಬೇಗ ಕೈಗೆತ್ತಿಕೊಳ್ಳುತ್ತಾರೆ ಎಂದು ಪ್ರಕಾಶಕರು ಹೇಳಿದ್ದರಿಂದ 'ನೀಲಲೋಚನಾ' ಎಂಬ ಹೆಸರಿಟ್ಟುಕೊಂಡಿದ್ದರು. ಈ ಗುಟ್ಟು ಅವರ ಹೆಂಡತಿಗೆ ಬಿಟ್ಟರೆ ಊರಿನಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಕ್ಯಾಂಟೀನಿನಲ್ಲಿ ಅವರನ್ನು 'ಬಾರಮ್ಮ ನೀಲಾ' ಎಂದು ಕರೆದು ಜೀವ ತೆಗೆಯುತ್ತಿದ್ದರು.

ಬೆಂಗಳೂರಿನಲ್ಲಿ ಅಚ್ಚಾಗಿ ನಾನು ರೈಲು ಹತ್ತಿ ಮತ್ತೆ ಭದ್ರಾವತಿಗೇ ಬಂದೆ. ಹಳೇನಗರದಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದ ಚಂದನ ಸರ್ಕ್ಯುಲೇಟಿಂಗ್ ಲೈಬ್ರರಿ ನನ್ನ ಮನೆಯಾಯಿತು. ಅದರ ಮಾಲೀಕರು ವಾಸಣ್ಣ. ಹೊಸ ಪುಸ್ತಕ ಬಂದ ದಿನವೇ ಅವರು ಅದರ ಬೆನ್ನಿಗೆ ದಬ್ಬಳದಿಂದ ತೂತು ಹೊಡೆದು, ದಪ್ಪ ದಾರ ಎಳೆದು, ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಿದ ಮೈದಾ ಅಂಟು ಬಳಿದು ರಟ್ಟು ಹಾಕುತ್ತಿದ್ದರು. ಮುಖಪುಟದಲ್ಲಿ ನನಗೊಂದು ಚೆಂದದ ಚಿತ್ರವಿತ್ತು. ಅದರ ಮೇಲೆ ಖಾಕಿ ಕಾಗದ ಬಿತ್ತು. ಆ ದಿನ ನನಗೆ ಅಳು ಬಂತು. ಹೊರಗಿನಿಂದ ನೋಡಿದರೆ ದೆವ್ವದ ಕಾದಂಬರಿಯೂ ನಾನೂ ಒಂದೇ ತರಹ ಕಾಣುತ್ತಿದ್ದೆವು.

ಹೀಗೆ ಎಲ್ಲವೂ ಒಂದೇ ತರಹ ಕಾಣುತ್ತಿದ್ದುದರಿಂದಲೇ ಓದುಗರು ಒಂದು ಉಪಾಯ ಮಾಡಿಕೊಂಡಿದ್ದರು. ಓದಿದ ಪುಸ್ತಕವನ್ನೇ ಮತ್ತೆ ಮನೆಗೆ ಒಯ್ಯಬಾರದೆಂದು ಒಬ್ಬೊಬ್ಬರೂ ಒಂದೊಂದು ಗುಟ್ಟಿನ ಗುರುತು ಹಾಕುತ್ತಿದ್ದರು. ಒಬ್ಬರು ಪುಟಸಂಖ್ಯೆಗೆ ಸೊನ್ನೆ ಸುತ್ತುತ್ತಿದ್ದರು. ಒಬ್ಬರು ಕುಂಕುಮದ ಬೊಟ್ಟು ಇಡುತ್ತಿದ್ದರು. ಪೋಸ್ಟ್ ಮಾಸ್ತರರೊಬ್ಬರು ಶೀರ್ಷಿಕೆಗೆ ಮೀಸೆ ಬರೆಯುತ್ತಿದ್ದರು.

ಕೋಮಲಮ್ಮನವರದು ಮಾತ್ರ ಬೇರೆ ತರಹ. ಆಕೆ ಕಾರ್ಖಾನೆಯ ಕಾಲೋನಿಯ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದವರು. ಪುಸ್ತಕ ಮುಗಿದರೆ ಮೂರನೇ ಅಧ್ಯಾಯದ ಮೊದಲ ಪುಟದ ಮೂಲೆಗೆ ಸೂಜಿಯಿಂದ ಕೆಂಪು ದಾರದ ಒಂದು ಪುಟ್ಟ ಹೊಲಿಗೆ ಹಾಕುತ್ತಿದ್ದರು. ಹಿಡಿಸದ ಪುಸ್ತಕವನ್ನು ಅರ್ಧಕ್ಕೇ ಮುಚ್ಚಿ, ಹೊಲಿಗೆ ಹಾಕದೆ ವಾಪಸು ಮಾಡುತ್ತಿದ್ದರು. ಇದನ್ನು ನೋಡಿ ನೋಡಿ ಲೈಬ್ರರಿಗೆ ಬರುವವರೆಲ್ಲ ಅದು ಆಕೆ ಒತ್ತುವ ಮುದ್ರೆ ಎಂದು ತಿಳಿದುಬಿಟ್ಟರು. "ಕೋಮಲಮ್ಮೋರ ಹೊಲಿಗೆ ಬಿದ್ದಿದೆ, ಧೈರ್ಯವಾಗಿ ತಗೊಂಡೋಗಿ" ಎಂದು ವಾಸಣ್ಣನೇ ಗಿರಾಕಿಗಳಿಗೆ ಹೇಳುತ್ತಿದ್ದರು. ತಮ್ಮ ಹೊಲಿಗೆಗೆ ಇಂಥ ಬೆಲೆ ಬಂದಿದೆಯೆಂದು ಪಾಪ, ಕೋಮಲಮ್ಮನಿಗೆ ಗೊತ್ತೇ ಇರಲಿಲ್ಲ.

ಹೊಲಿಗೆಯ ಜೊತೆ ಆಕೆಯ ಬಾಯಿಮಾತೂ ಇತ್ತು. ಪುಸ್ತಕ ತಂದುಕೊಡುವಾಗ ಕೌಂಟರಿನ ಮೇಲೆ ಮೊಣಕೈಯೂರಿ ಅಭಿಪ್ರಾಯ ಹೇಳಿಯೇ ಹೋಗುತ್ತಿದ್ದರು. ಬೆಂಚಿನ ಮೇಲೆ ಕೂತವರು ವಾರಪತ್ರಿಕೆ ಕೆಳಗಿಟ್ಟು ಕೇಳುತ್ತಿದ್ದರು. ಅವರ ನಡುವೆ ತೀರ್ಥಪ್ಪನವರೂ ಇರುತ್ತಿದ್ದರು. ಅವರೊಬ್ಬರು ಮಾತ್ರ ಪತ್ರಿಕೆಯನ್ನು ಕೆಳಗಿಡದೆ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ನನಗಿಂತ ಮೊದಲು ಅವರ ಎರಡು ಕಾದಂಬರಿಗಳು ಬಂದಿದ್ದವು. ಮೊದಲನೆಯದು ದೆವ್ವದ್ದು, ಹುಣಸೆಮರದ ಕಮಲಿ ಎಂಬವಳ ಕಥೆ. ಅದನ್ನು ಹಿಂದಿರುಗಿಸುವಾಗ ಕೋಮಲಮ್ಮ ಹೇಳಿದ್ದನ್ನು ಕಮಲಿಯೇ ನನಗೆ ಹೇಳಿದ್ದಾಳೆ.

"ಅಲ್ಲ ವಾಸಣ್ಣ, ಸತ್ತು ದೆವ್ವ ಆದ್ಮೇಲೂ ಆ ಹುಡುಗಿ ರಾತ್ರಿಯೆಲ್ಲಾ ಗಂಡನ ಮನೆ ಪಾತ್ರೆ ತೊಳೀತಾಳಲ್ಲ! ಸತ್ತಮೇಲಾದ್ರೂ ರಜಾ ಬೇಡ್ವಾ? ಹೆದರಿಕೆ ಎಲ್ಲಿಂದ ಬರ್ಬೇಕು, ನಕ್ಕು ನಕ್ಕು ಸಾಕಾಯ್ತು."

ಎರಡನೆಯದು ಪ್ರೇಮದ ಕಾದಂಬರಿ. ಅದರ ನಾಯಕ ನಾಯಕಿಯ ಹಿಂದೆ ಬಸ್‌ಸ್ಟ್ಯಾಂಡಿಗೆ, ದೇವಸ್ಥಾನಕ್ಕೆ, ಕೊನೆಗೆ ಅವಳ ಅಜ್ಜಿಯ ತಿಥಿಗೂ ಹೋಗುತ್ತಾನೆ. "ಇದಕ್ಕೆ ಪ್ರೇಮ ಅಂತಾರಾ?" ಎಂದರು ಕೋಮಲಮ್ಮ. "ನಂಗೆ ಕೈಕಾಲು ತಣ್ಣಗಾಗೋಯ್ತು. ಆ ದೆವ್ವದ ಕಥೆಗಿಂತ ಇದೇ ಭಯ. ನನ್ ಮಗಳ ಹಿಂದೆ ಹಂಗೆ ಯಾವನಾದ್ರೂ ಬಂದಿದ್ರೆ ಕತ್ತರಿ ತಗೊಂಡು ಹೋಗ್ತಿದ್ದೆ."

ಬೆಂಚಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಪತ್ರಿಕೆಯ ಹಿಂದೆ ತೀರ್ಥಪ್ಪನವರ ಕಿವಿ ಕೆಂಪಾಯಿತು. ಆದರೆ ಆಕೆ ಹೋದ ಮೇಲೆ ಅವರು ಮೆಲ್ಲಗೆ ಎದ್ದು ಎರಡೂ ಪುಸ್ತಕ ತೆರೆದು ನೋಡಿದರು. ಎರಡರಲ್ಲೂ ಕೆಂಪು ಹೊಲಿಗೆ ಇತ್ತು. ಬೈದರೂ ಪೂರ್ತಿ ಓದಿದ್ದಾರಲ್ಲ ಎಂಬ ಧೈರ್ಯದಿಂದಲೇ ಅವರು ನನ್ನನ್ನು ಬರೆಯಲು ಕೂತದ್ದು. ಹೆದರಿಸಲು ಹೋದರೆ ನಗುತ್ತಾರೆ, ಪ್ರೀತಿ ಬರೆದರೆ ಹೆದರುತ್ತಾರೆ. ನಗಿಸಲು ಹೋದರೆ ಏನು ಮಾಡುತ್ತಾರೋ ನೋಡೋಣ ಎಂದುಕೊಂಡರು. ಇದಕ್ಕೂ ಹೊಲಿಗೆ ಬಿದ್ದರೆ ಮುಂದೆ ಬರೆಯುವುದು, ಇಲ್ಲದಿದ್ದರೆ ಪೆನ್ನು ಮುಚ್ಚುವುದು ಎಂದು ಹೆಂಡತಿಯ ಎದುರು ಹೇಳಿದ್ದರಂತೆ. ಹಟದ ಮನುಷ್ಯ.

ಕೋಮಲಮ್ಮ ನನ್ನನ್ನು ಮನೆಗೆ ಒಯ್ದ ದಿನ ನನಗೆ ಇವತ್ತಿಗೂ ನೆನಪಿದೆ. ಪುಸ್ತಕಗಳಾದ ನಾವು ಮನುಷ್ಯರನ್ನು ಕೆಳಗಿನಿಂದಲೇ ನೋಡುವುದು. ನಮಗೆ ಕಾಣುವುದು ಗಲ್ಲ, ಮೂಗಿನ ಹೊಳ್ಳೆ, ಅದರ ಮೇಲೆ ಎರಡು ಕಣ್ಣು. ಆಕೆ ಹೊಲಿಗೆ ಯಂತ್ರದ ಮುಂದೆ ಕೂತು, ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ನನ್ನನ್ನು ಓದಿದರು. ಡ್ರಿಲ್ ಮೇಷ್ಟರು ಬೀಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಬಾಯಿ ವಾಸನೆ ನೋಡುವ ಕಡೆ ಆಕೆಗೆ ನಗು ತಡೆಯಲಾಗಲಿಲ್ಲ. ಪಿನ್ನುಗಳೆಲ್ಲ ನನ್ನ ಮೇಲೆ ಉದುರಿದವು. ಯಾರದೋ ರವಿಕೆಯ ತೋಳು ನೆಲಕ್ಕೆ ಬಿತ್ತು. ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಲಿಲ್ಲ.

ಕೊನೆಯಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಕಳ್ಳನಲ್ಲ, ಕಳ್ಳಿ. ಬುಟ್ಟಿ ಎತ್ತಿಕೊಂಡು ಹೋಗಿ ಉಗ್ರಾಣದಲ್ಲಿ ಕೂತು ಒಬ್ಬಟ್ಟು ತಿಂದವಳು ಮದುಮಗಳೇ. ಬೆಳಗಿನಿಂದ ಅವಳಿಗೆ ಸೀರೆ ಉಡಿಸಿದವರಿದ್ದರು, ಹೂವು ಮುಡಿಸಿದವರಿದ್ದರು. ನಿನ್ನದು ಊಟ ಆಯ್ತೇನಮ್ಮ ಎಂದು ಕೇಳಿದವರು ಯಾರೂ ಇರಲಿಲ್ಲ. ಅದನ್ನು ಓದಿದ ಕೋಮಲಮ್ಮ ನನ್ನನ್ನು ತೊಡೆಯ ಮೇಲೆ ಹಾಗೇ ಇಟ್ಟುಕೊಂಡರು. ಆಕೆಯ ಕಣ್ಣೀರು ನನ್ನ ಮೇಲೆ ಬಿತ್ತು. ಆಮೇಲೆ ಸೂಜಿಗೆ ಕೆಂಪು ದಾರ ಪೋಣಿಸಿ, ಮೂರನೇ ಅಧ್ಯಾಯ ತೆರೆದು, ಸೂಜಿಯನ್ನು ನನ್ನ ಮೂಲೆಯವರೆಗೂ ತಂದರು.

"ಬೇಡ," ಎಂದರು ತಮ್ಮಷ್ಟಕ್ಕೆ. "ನಿನ್ನನ್ನ ಮತ್ತೆ ತರ್ಬೇಕು."

ಸೂಜಿ ವಾಪಸು ಹೋಯಿತು. ನನಗೆ ಅದು ಹೆಮ್ಮೆಯ ಗಳಿಗೆ. ಆದರೆ ಆ ಗಳಿಗೆಯಿಂದಲೇ ನನ್ನನ್ನು ಹೆತ್ತವರ ಬದುಕಿಗೆ ಪೆಟ್ಟು ಬಿತ್ತು.

ಮಾರನೆಯ ದಿನ ಅರಸೀಕೆರೆಯಿಂದ ಸುದ್ದಿ ಬಂತು, ಕೋಮಲಮ್ಮನ ಮಗಳಿಗೆ ಹೆರಿಗೆ ನೋವು ಎಂದು. ಆಕೆ ಸಿಕ್ಕಿದ ರೈಲು ಹತ್ತಿದರು. ನನ್ನನ್ನು ಪಕ್ಕದ ಮನೆಯವರ ಕೈಯಲ್ಲಿ ಲೈಬ್ರರಿಗೆ ಕಳಿಸಿದರು. ಹೀಗಾಗಿ ಕೌಂಟರಿನ ಮೇಲೆ ಮೊಣಕೈ ಊರಲಿಲ್ಲ, ಅಭಿಪ್ರಾಯ ಬರಲಿಲ್ಲ. ತೀರ್ಥಪ್ಪನವರು ಬೆಂಚಿನಿಂದೆದ್ದು ಬಂದು ನನ್ನನ್ನು ತೆಗೆದುಕೊಂಡರು. ಹೆತ್ತವರ ಬೆರಳು ಮಗುವಿಗೆ ಗೊತ್ತಾಗದೆ ಇರುತ್ತದೆಯೇ? ಮೂರನೇ ಅಧ್ಯಾಯ ತೆರೆದರು. ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು. ಪುಟ ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಕೋಮಲಮ್ಮೋರು ಇದನ್ನ ಓದ್ಲಿಲ್ವಾ?" ಎಂದು ವಾಸಣ್ಣನನ್ನು ಕೇಳಿದರು.

"ಹೊಲಿಗೆ ಇಲ್ವಾ? ಹಂಗಾದ್ರೆ ಅರ್ಧಕ್ಕೇ ಬಿಟ್ಟಿರ್ತಾರೆ ಬಿಡಿ," ಎಂದರು ವಾಸಣ್ಣ, ತಲೆ ಎತ್ತದೆ.

ನನ್ನೊಳಗೆ ಎಷ್ಟೊಂದು ಮಾತಿದೆ. ಹೊಟ್ಟೆ ತುಂಬ ಬರೀ ಮಾತೇ. ಆದರೆ ಆ ದಿನ ಬೇಕಾಗಿದ್ದ ಮಾತು ಅದರಲ್ಲಿ ಇರಲಿಲ್ಲ. ಆಕೆ ಓದಿದರು, ಅತ್ತರು, ನನ್ನನ್ನು ಮತ್ತೆ ಬೇಕೆಂದರು ಎಂದು ಹೇಳಲು ನನ್ನಿಂದ ಆಗಲಿಲ್ಲ. ತೀರ್ಥಪ್ಪನವರು ನನ್ನನ್ನು ಕಪಾಟಿಗೆ ಸೇರಿಸಿ ಹೊರಟುಹೋದರು. ಸ್ವಲ್ಪ ದಿನಕ್ಕೆ ಕೆಮ್ಮಣ್ಣುಗುಂಡಿಯಲ್ಲಿದ್ದ ಅದೇ ಕಾರ್ಖಾನೆಯ ಗಣಿ ಆಫೀಸಿಗೆ ವರ್ಗ ಕೇಳಿಕೊಂಡು ಊರನ್ನೇ ಬಿಟ್ಟರು. ನೀಲಲೋಚನಾ ಮತ್ತೆ ಬರೆಯಲಿಲ್ಲ.

ಮೊಮ್ಮಗುವಿನ ನಾಮಕರಣ ಮುಗಿಸಿಕೊಂಡು ಬಂದ ಕೋಮಲಮ್ಮ ಮೊದಲು ಕೇಳಿದ್ದು ನನ್ನನ್ನೇ. ಆಮೇಲೂ ಕೇಳುತ್ತಲೇ ಇದ್ದರು. ಮನೆಯಲ್ಲಿ ಬೇಜಾರಾದರೆ ನಾನು, ಸೊಂಟ ನೋವಾದರೆ ನಾನು, ಗಂಡ ತೀರಿಕೊಂಡ ವರ್ಷವಂತೂ ಬರೀ ನಾನೇ. ಹೊಲಿಗೆ ಇಲ್ಲದ ಪುಸ್ತಕವೆಂದು ಬೇರೆ ಯಾರೂ ನನ್ನನ್ನು ಮುಟ್ಟುತ್ತಿರಲಿಲ್ಲ. "ಅದನ್ನ ನೀವೊಬ್ರೇ ಕಣಮ್ಮ ತಗೊಂಡೋಗೋದು," ಎಂದು ವಾಸಣ್ಣ ನಗುತ್ತಿದ್ದರು.

"ಈ ನೀಲಲೋಚನಾದು ಹೊಸದು ಬಂತಾ?" ಎಂಬುದು ಆಕೆಯ ಕಾಯಂ ಪ್ರಶ್ನೆ.

"ಇಲ್ಲಮ್ಮ."

"ಏನಾಯ್ತೋ ಆಯಮ್ಮನಿಗೆ. ಒಳ್ಳೆ ದಾರಿಗೆ ಬಂದಿದ್ಳು."

ಆ ದಿನಗಳನ್ನು ನೆನೆದರೆ ಈಗಲೂ ನನ್ನ ಹಾಳೆ ಮೆತ್ತಗಾಗುತ್ತದೆ. ಸಂಜೆಯ ಪಾಳಿಯ ಸೈರನ್ನು, ಬಾಗಿಲಲ್ಲಿ ಸಾಲಾಗಿ ನಿಂತ ಸೈಕಲ್ಲುಗಳು, ವಾರಪತ್ರಿಕೆಯ ಧಾರಾವಾಹಿಯ ಮುಂದಿನ ಕಂತು ಯಾರಿಗೆ ಮೊದಲು ಎಂಬ ಜಗಳ, ಕಮಲಿಯೂ ನಾನೂ ಬೆನ್ನಿಗೆ ಬೆನ್ನು ತಾಗಿಸಿ ನಿಂತ ಕಪಾಟು. ಆಮೇಲೆ ಮನೆಮನೆಗೆ ಟಿವಿ ಬಂತು. ಧಾರಾವಾಹಿಗಳು ಅದರೊಳಗೆ ಹೋಗಿ ಕೂತವು. ಬೆಂಚು ಖಾಲಿಯಾಯಿತು. ವಾಸಣ್ಣ ಅಂಟು ಕಲಸುವುದನ್ನು ನಿಲ್ಲಿಸಿದರು. ಒಂದು ದಿನ ನಮ್ಮನ್ನೆಲ್ಲ ಕಪಾಟಿನಿಂದಿಳಿಸಿ ಬಾಗಿಲ ಹೊರಗೆ ಗೋಣಿಚೀಲದ ಮೇಲೆ ಹರಡಿ, ಬೇಕಾದವರು ಕೊಂಡುಕೊಳ್ಳಿ ಎಂದರು.

ಮೊದಲು ಬಂದವರೇ ಕೋಮಲಮ್ಮ. ಕೂದಲು ಬೆಳ್ಳಗಾಗಿತ್ತು. ಬಗ್ಗಲಾರದೆ ಕೋಲಿನಿಂದ ಪುಸ್ತಕಗಳನ್ನು ಸರಿಸಿ ನನ್ನನ್ನು ಹುಡುಕಿದರು. ಯಾರೋ ಬಗ್ಗಿ ನನ್ನನ್ನು ಎತ್ತಿಕೊಟ್ಟರು. ಆ ಬೆರಳು ತಾಗಿದ ಕೂಡಲೇ ನನಗೆ ಗೊತ್ತಾಯಿತು. ತೀರ್ಥಪ್ಪನವರು! ನಿವೃತ್ತರಾಗಿ ಊರಿಗೆ ವಾಪಸು ಬಂದಿದ್ದರು.

"ಈ ಪುಸ್ತಕಾನೇ ಬೇಕಿತ್ತಾ ನಿಮಗೆ?" ಎಂದರು ಅವರು.

"ಇದಕ್ಕೇ ಬಂದಿದ್ದು. ನಿಮಗೂ ಬೇಕಿತ್ತೇನೋ, ಕೊಡಲ್ಲ."

"ಹಾಗಲ್ಲ. ಇದರಲ್ಲಿ ನಿಮ್ಮ ಹೊಲಿಗೆ ಇಲ್ಲ. ನೀವು ಒಪ್ಪಿದ್ದಕ್ಕೆ ಹೊಲಿಗೆ ಹಾಕ್ತೀರಿ ಅಂತ ಲೈಬ್ರರಿಗೆಲ್ಲಾ ಗೊತ್ತಿತ್ತಲ್ಲ."

"ಒಪ್ಪೋದಾ? ಅಯ್ಯೋ, ಯಾರ್ ಹೇಳಿದ್ದು ನಿಮಗೆ?" ಕೋಮಲಮ್ಮ ನಕ್ಕೇಬಿಟ್ಟರು. "ಓದಿ ಆಯ್ತು, ಮತ್ತೆ ಮನೆಗೆ ಹೊತ್ಕೊಂಡು ಹೋಗೋದ್ ಬೇಡ ಅಂತ ಹಾಕೋ ಗುರುತು ಕಣ್ರೀ ಅದು. ಇದನ್ನ ಮತ್ತೆ ಮತ್ತೆ ತರೋದಿತ್ತು. ಇದಕ್ಯಾಕೆ ಹಾಕ್ಲಿ?"

ತೀರ್ಥಪ್ಪನವರು ಲೈಬ್ರರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೋಮಲಮ್ಮ ತಮ್ಮ ಪಾಡಿಗೆ ಮಾತಾಡುತ್ತಲೇ ಇದ್ದರು.

"ಇದನ್ನ ಬರೆದಾಕೆ ಆಮೇಲೆ ಏನೂ ಬರೀಲೇ ಇಲ್ಲ. ತೀರ್ಕೊಂಡ್ರೋ ಏನೋ."

"ಇಲ್ಲ, ಇದ್ದಾರೆ. ನನಗೆ ಗೊತ್ತು ಅವರು."

"ಹೌದಾ! ಮತ್ತೆ ಯಾಕಂತೆ ಬರೀದೇ ಇದ್ದಿದ್ದು?"

"ಓದೋರು ಯಾರೂ ಇಲ್ಲ ಅನ್ಕೊಂಡ್ರು."

"ಯಾಕೆ, ನಾನೇನು ಸತ್ತೋಗಿದ್ನಾ?" ಎಂದು ಕೋಮಲಮ್ಮ ಗದರಿದರು. ನಿಜವಾಗಿ ಸಿಟ್ಟು ಬಂದಿತ್ತು ಆಕೆಗೆ. "ಇಷ್ಟು ವರ್ಷ ಕಾದಿದೀನಿ ನಾನು. ಹೋಗಿ ಹೇಳಿ ಆಯಮ್ಮನಿಗೆ!"

ತೀರ್ಥಪ್ಪನವರು ಮುಖ ಒರೆಸಿಕೊಂಡರು. ಹೇಳ್ತೀನಿ ಎಂದರು.

ಈಗ ನಾನು ಕೋಮಲಮ್ಮನ ಮನೆಯಲ್ಲಿ, ಕೆಲಸ ನಿಲ್ಲಿಸಿದ ಹೊಲಿಗೆ ಯಂತ್ರದ ಮೇಲೆ ಇದ್ದೇನೆ. ನನ್ನ ರಟ್ಟು ಸಡಿಲವಾಗಿದೆ, ಹಾಳೆ ಹಳದಿಯಾಗಿದೆ, ಅಂಚು ಮುಟ್ಟಿದರೆ ಪುಡಿ ಉದುರುತ್ತದೆ. ಕೋಮಲಮ್ಮನಿಗೆ ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಬಂದಿದೆ. ಡಾಕ್ಟರು ಓದಬೇಡಿ ಎಂದಿದ್ದಾರೆ. ಇಬ್ಬರೂ ಮೂಲೆ ಸೇರಿದ್ದೇವೆ. ಕಳೆದುಹೋದ ವರ್ಷಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಎಷ್ಟು ತಮ್ಮಂದಿರು ತಂಗಿಯರು ನನಗೆ ಹುಟ್ಟಬಹುದಿತ್ತು, ಹುಟ್ಟಲಿಲ್ಲ. ಮೆಚ್ಚಿದವರು ಬಾಯಿಬಿಟ್ಟು ಹೇಳಬೇಕು, ಬರೆದವರು ಬಾಯಿಬಿಟ್ಟು ಕೇಳಬೇಕು. ಅಷ್ಟಾಗಿದ್ದರೆ ಸಾಕಿತ್ತು.

ಮೊನ್ನೆ ಸಂಜೆ ತೀರ್ಥಪ್ಪನವರು ಬಂದರು. ಕಂಕುಳಲ್ಲಿ ಬರೆದ ಹಾಳೆಗಳ ಕಟ್ಟೊಂದಿತ್ತು.

"ಆಯಮ್ಮ ಕಳ್ಸಿದ್ದಾರೆ," ಎಂದರು. "ಹೊಸದು. ಶುರುವಿನ ಅಧ್ಯಾಯ ಅಷ್ಟೇ. ನಿಮ್ಮ ಅಭಿಪ್ರಾಯ ಬೇಕಂತೆ."

ಕೋಮಲಮ್ಮ ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅವರ ಬೆರಳಿನ ಮಸಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು. ಕುರ್ಚಿ ತೋರಿಸಿದರು. "ನಂಗೆ ಕಣ್ಣು ಕಾಣಲ್ಲ. ನೀವೇ ಓದಿ."

ತೀರ್ಥಪ್ಪನವರು ಗಂಟಲು ಸರಿಮಾಡಿಕೊಂಡು ಓದಿದರು. ನಡುನಡುವೆ ತಡವರಿಸಿದರು. ಬೀದಿಯಲ್ಲಿ ದೀಪ ಹತ್ತಿತು. ಕೋಮಲಮ್ಮ ಒಂದು ಕಡೆಯೂ ನಗಲಿಲ್ಲ. ಕೊನೆಯ ಸಾಲು ಮುಗಿಸಿ ತೀರ್ಥಪ್ಪನವರು ಹಾಳೆಗಳನ್ನು ಮಡಿಲಿಗಿಟ್ಟುಕೊಂಡರು, ತಲೆ ಎತ್ತಲಿಲ್ಲ.

"ಚೆನ್ನಾಗಿಲ್ಲ," ಎಂದರು ಕೋಮಲಮ್ಮ. "ಕೈ ಜಡ್ಡುಗಟ್ಟಿದೆ ಆಯಮ್ಮಂದು. ಆ ಪೊಲೀಸಿನವನಂತೂ ಶುದ್ಧ ಪೆದ್ದ."

ತೀರ್ಥಪ್ಪನವರು ಹಾಳೆಗಳನ್ನು ಮಡಚತೊಡಗಿದರು. ಕೋಮಲಮ್ಮ ತಮ್ಮ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು.

"ಅದಿರ್ಲಿ. ಮುಂದೇನಾಯ್ತು?"